ಹಿಮ ತೆಗೆಯುವ ಸಲಕರಣೆಗಳ ವಿಮರ್ಶೆ: ದುಡ್ಡು ಸಲಿಕೆಗೆ ಹಾಕಿ, ಉಪ್ಪಿಗಲ್ಲ

ಹಿಮ ಬೀಳುವ ಎಷ್ಟೋ ನಗರಗಳಲ್ಲಿ ರಸ್ತೆಯ ಹಿಮ ತೆಗೆಯುವುದು ನಗರಸಭೆಯ ಪಾಲು, ಮನೆ ಮುಂದಿನ ಫುಟ್‌ಪಾತ್ ತೆಗೆಯುವುದು ಮನೆಯವರ ಪಾಲು. ಹಿಮ ನಿಂತ ಇಷ್ಟು ಗಂಟೆಯೊಳಗೆ, ಇಷ್ಟು ಅಗಲಕ್ಕೆ ತೆಗೆಯಬೇಕು ಅಂತ ನಿಯಮ ಇರುತ್ತದೆ, ತಪ್ಪಿದರೆ ದಂಡ. ದಂಡದ ಮಾತು ಬಿಡಿ, ಆ ದಾರಿಯಲ್ಲಿ ಊರುಗೋಲು ಹಿಡಿದವರು, ಗಾಲಿಕುರ್ಚಿಯಲ್ಲಿರುವವರು, ಮಗುವಿನ ಗಾಡಿ ತಳ್ಳುವವರು ಓಡಾಡಬೇಕು. ಒಂಬತ್ತು ಮನೆಯವರು ತೆಗೆದು ಹತ್ತನೆಯವರು ಬಿಟ್ಟರೆ ಗಾಲಿಕುರ್ಚಿಗೆ ಇಡೀ ಬೀದಿ ಮುಚ್ಚಿದ ಹಾಗೆಯೇ.

ಈ ಕೆಲಸಕ್ಕೆ ಅಂತ ಅಂಗಡಿಯಲ್ಲಿ ಸಿಗುವ ಸಾಮಾನುಗಳಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಯಾವುದು ಸುಮ್ಮನೆ ಖರ್ಚು ಅಂತ ಇಲ್ಲಿ ಬರೆದಿದ್ದೇವೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹೆಚ್ಚಿನ ಮನೆಗಳಲ್ಲಿ ಸಲಿಕೆ ಕಳಪೆ, ಉಪ್ಪು ಅತಿ. ಒಳ್ಳೆಯ ಸಲಿಕೆ, ಮಂಜುಗಡ್ಡೆ ಒಡೆಯುವ ಒಂದು ಚಾಪರ್, ಅಳತೆಗೆ ಒಂದು ಮಗ್ ಇದ್ದರೆ ಚಳಿಗಾಲಕ್ಕೆ ಒಂದೆರಡು ಚೀಲ ಉಪ್ಪು ಸಾಕು.

ಮೊದಲು ತೂಕದ ಲೆಕ್ಕ. 10 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಫುಟ್‌ಪಾತ್ ಮೇಲೆ 15 ಸೆಂ.ಮೀ. ಹಿಮ ಬಿದ್ದರೆ ಅದು 2.25 ಘನ ಮೀಟರ್. ಆಗಷ್ಟೇ ಬಿದ್ದ ಒಣ ಹಿಮ ಘನ ಮೀಟರಿಗೆ ಸುಮಾರು 100 ಕೆ.ಜಿ. ತೂಗುತ್ತದೆ ಅಂತಿಟ್ಟುಕೊಂಡರೆ ಒಟ್ಟು 225 ಕೆ.ಜಿ. ಅದೇ ಒದ್ದೆ ಹಿಮವಾದರೆ ಘನ ಮೀಟರಿಗೆ 300 ಕೆ.ಜಿ. ದಾಟುವುದುಂಟು, ಆಗ ಅದೇ ಜಾಗದಲ್ಲಿ 675 ಕೆ.ಜಿ. ಒಂದು ಸಲಕ್ಕೆ ನಾಲ್ಕೂವರೆ ಕೆ.ಜಿ. ಎತ್ತಿ ಹಾಕಿದರೂ 150 ಸಲ ಬಗ್ಗಿ ಏಳಬೇಕು. ಆದ್ದರಿಂದ ಸಲಿಕೆ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು ಎಷ್ಟು ಹಿಮ ಹಿಡಿಯುತ್ತದೆ ಅಂತ ಅಲ್ಲ. ಎತ್ತುವ ಕೆಲಸವನ್ನು ಎಷ್ಟು ಉಳಿಸುತ್ತದೆ ಅಂತ.

ಸಲಿಕೆಗಳಲ್ಲಿ ಎರಡು ಜಾತಿ. ಒಂದು ತಳ್ಳುವ ಸಲಿಕೆ: ಅಗಲ 60ರಿಂದ 75 ಸೆಂ.ಮೀ., ಬಾಯಿ ಅರ್ಧಚಂದ್ರದ ಹಾಗೆ ಬಾಗಿರುತ್ತದೆ. ಹಿಮವನ್ನು ನೆಲದ ಮೇಲೇ ಜಾರಿಸಿ ಬದಿಗೆ ಸರಿಸುವುದಕ್ಕೆ ಇದು. ಇನ್ನೊಂದು ಎತ್ತುವ ಸಲಿಕೆ: 45 ಸೆಂ.ಮೀ. ಆಸುಪಾಸಿನ ಅಗಲ, ಸ್ವಲ್ಪ ಚಪ್ಪಟೆ, ಬದಿಗೆ ಅಂಚು. ಎರಡೂ ಕೆಲಸಕ್ಕೆ ಒಂದೇ ಅಂತ ಮಾರುವ ಮಧ್ಯಮ ಗಾತ್ರದ ಸಲಿಕೆ ಎರಡನ್ನೂ ಅರೆಬರೆ ಮಾಡುತ್ತದೆ. 10 ಸೆಂ.ಮೀ.ಗಿಂತ ಕಡಿಮೆ ಹಿಮಕ್ಕೆ ತಳ್ಳುವುದೊಂದೇ ಸಾಕು. ಆಳ ಹೆಚ್ಚಾದರೆ ಅದನ್ನು ತಳ್ಳಿಕೊಂಡು ಹೋಗುವುದು ಗೋಡೆಯನ್ನು ತಳ್ಳಿದ ಹಾಗೆ. ಆಗ ಎತ್ತುವ ಸಲಿಕೆಯಲ್ಲಿ ಮೇಲಿನ ಪದರ, ಆಮೇಲೆ ಕೆಳಗಿನದು ಅಂತ ತೆಗೆಯಬೇಕು. ಅಗಲದ ಸಲಿಕೆಯಲ್ಲಿ ಒದ್ದೆ ಹಿಮ ತುಂಬಿ ಎತ್ತುವುದೇ ಸೊಂಟ ಹಿಡಿಯಲು ಮುಖ್ಯ ಕಾರಣ. ಸಲಿಕೆ ಅಗಲವಾದಷ್ಟೂ ಕೆಲಸ ಬೇಗ ಮುಗಿಯುತ್ತದೆ ಅನ್ನುವುದು ಒಣ ಹಿಮಕ್ಕೆ ಮಾತ್ರ ನಿಜ.

ಅಂಗಡಿಯಲ್ಲೇ ನೋಡಬಹುದಾದ ನಾಲ್ಕು ಸಂಗತಿಗಳಿವೆ. ಸಲಿಕೆಯನ್ನು ನೆಟ್ಟಗೆ ನಿಲ್ಲಿಸಿದರೆ ಹಿಡಿ ಎದೆಯ ಹತ್ತಿರ ಬರಬೇಕು; ಗಿಡ್ಡ ಹಿಡಿ ಕಡಿಮೆ ಬೆಲೆಗೆ ಸಿಗುತ್ತದೆ, ಬೆನ್ನು ಅದರ ಬಾಕಿ ತೀರಿಸುತ್ತದೆ. ಮೇಲಿನ ಡಿ ಆಕಾರದ ಹಿಡಿಯೊಳಗೆ ದಪ್ಪ ಕೈಗವಸು ಹಾಕಿದ ಕೈ ಸಲೀಸಾಗಿ ಹೋಗಬೇಕು, ಆದ್ದರಿಂದ ಕೈಗವಸು ತೆಗೆದುಕೊಂಡೇ ಅಂಗಡಿಗೆ ಹೋಗಿ. ಬಾಗಿದ ಹಿಡಿಯ ಸಲಿಕೆ ತಳ್ಳುವಾಗ, ಕಡಿಮೆ ಎತ್ತರಕ್ಕೆ ಎತ್ತುವಾಗ ಬಗ್ಗುವುದನ್ನು ಉಳಿಸುತ್ತದೆ. ಎದೆಮಟ್ಟದ ಗುಡ್ಡೆಯ ಮೇಲಕ್ಕೆ ಎಸೆಯಬೇಕಾದರೆ ಮಾತ್ರ ಅದು ಕೈಯಲ್ಲಿ ತಿರುಚಿಕೊಳ್ಳುತ್ತದೆ, ಅಲ್ಲಿ ನೇರ ಹಿಡಿಯೇ ಮೇಲು. ಹಿಡಿಯ ನಡುವೆ ಎರಡನೇ ಹಿಡಿಕೆ ಇರುವ ಮಾದರಿಗಳ ವಿಷಯದಲ್ಲೂ ಇದೇ ಮಾತು.

ನಾಲ್ಕನೆಯದು ಬಾಯಿ, ಬೇಗ ಹಾಳಾಗುವ ಜಾಗ. ಬರೀ ಪ್ಲಾಸ್ಟಿಕ್ ಬಾಯಿ ಹಗುರ, ಹಿಮ ಕಡಿಮೆ ಅಂಟುತ್ತದೆ, ಆದರೆ ಕಾಂಕ್ರೀಟಿನ ಮೇಲೆ ಉಜ್ಜಿ ಉಜ್ಜಿ ಅಂಚು ಸವೆದು ಅಲೆಯಲೆಯಾಗುತ್ತದೆ. ಅಲೆಯಾದ ಅಂಚು ನೆಲದ ಮೇಲೆ ಒಂದು ತೆಳು ಪದರ ಬಿಟ್ಟೇ ಹೋಗುತ್ತದೆ; ಅದನ್ನು ಜನ ತುಳಿದು ಗಟ್ಟಿಮಾಡುತ್ತಾರೆ, ರಾತ್ರಿ ಅದೇ ಗಾಜಿನಂಥ ಗಡ್ಡೆ. ಕಡಿಮೆ ದರ್ಜೆಯ ಪ್ಲಾಸ್ಟಿಕ್ ಕಡುಚಳಿಯಲ್ಲಿ ಪೆಡಸಾಗಿ ಮೂಲೆ ಮುರಿಯುತ್ತದೆ. ಅಂಚಿಗೆ ಲೋಹದ ಪಟ್ಟಿ ಕೂರಿಸಿದ ಪ್ಲಾಸ್ಟಿಕ್ ಬಾಯಿ ನಮ್ಮ ಆಯ್ಕೆ. ಪಟ್ಟಿಯನ್ನು ರಿವೆಟ್ ಹಾಕಿ ಕೂರಿಸಿದ್ದಾರೋ, ಸುಮ್ಮನೆ ಮಡಿಸಿ ಸಿಕ್ಕಿಸಿದ್ದಾರೋ ನೋಡಿ. ಸಿಕ್ಕಿಸಿದ್ದು ಫುಟ್‌ಪಾತಿನ ಒಡಕಿಗೆ ತಾಗಿದಾಗ ಕಿತ್ತು ಬರುತ್ತದೆ. ಪೂರ್ತಿ ಉಕ್ಕಿನ ಸಲಿಕೆ ಗಟ್ಟಿ, ಆದರೆ ಹಿಮ ತುಂಬುವ ಮೊದಲೇ ಭಾರ. ಮರದ ಹಲಗೆಯ ಮೆಟ್ಟಿಲು, ಜಗಲಿ ಇದ್ದವರಿಗೆ ಲೋಹದ ಅಂಚು ಬೇಡ, ಮರ ಗೀರುಬೀಳುತ್ತದೆ.

ಒದ್ದೆ ಹಿಮ ಸಲಿಕೆಗೆ ಅಂಟುವುದು ಎಲ್ಲರ ದೂರು. ಮನೆಯೊಳಗಿನ ಬೆಚ್ಚಗಿನ ಸಲಿಕೆಯನ್ನು ಹಿಮಕ್ಕೆ ಇಳಿಸಿದರೆ ಮೊದಲ ಹಿಮ ಕರಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಕೆಲಸಕ್ಕೆ ಹದಿನೈದು ನಿಮಿಷ ಮೊದಲು ಸಲಿಕೆಯನ್ನು ಹೊರಗೆ ಇಡಿ, ಒಣ ಬಾಯಿಗೆ ಮೇಣ ಅಥವಾ ಸಿಲಿಕೋನ್ ಸ್ಪ್ರೇ ಸವರಿ. ಈ ಒಂದು ಅಭ್ಯಾಸದಿಂದ ಕಡಿಮೆ ಬೆಲೆಯ ಸಲಿಕೆಯೂ ಚೆನ್ನಾಗಿ ನಡೆಯುತ್ತದೆ.

ಚಾಪರ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಆದರೆ ಸಲಿಕೆಯ ನಂತರ ಕೊಳ್ಳಬೇಕಾದ್ದು ಅದೇ. ಉದ್ದ ಹಿಡಿಯ ತುದಿಯಲ್ಲಿ 15ರಿಂದ 20 ಸೆಂ.ಮೀ. ಅಗಲದ ನೇರ ಉಕ್ಕಿನ ತಗಡು. ತುಳಿದು ಗಟ್ಟಿಯಾದ ಹಿಮದ ಕೆಳಗೆ ಅದನ್ನು ಓರೆಯಾಗಿ ತೂರಿಸಿ ತಳ್ಳಿದರೆ ಗಡ್ಡೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ನೆಟ್ಟಗೆ ಮೇಲಿಂದ ಕುಟ್ಟಬೇಡಿ: ಕಾಂಕ್ರೀಟ್ ಚಕ್ಕೆ ಏಳುತ್ತದೆ, ಹಿಡಿಯ ಬೆಸುಗೆ ಬಿಡುತ್ತದೆ. ತಗಡು ಮತ್ತು ಹಿಡಿಯ ಕೊಳವೆ ಸೇರುವ ಕಡೆ ಸುತ್ತಲೂ ಬೆಸುಗೆ ಇರುವುದನ್ನು ನೋಡಿ ತೆಗೆದುಕೊಳ್ಳಿ. ಎರಡು ಚುಕ್ಕೆ ಬೆಸುಗೆ ಹಾಕಿದ್ದು ಒಂದು ಚಳಿಗಾಲವೂ ಬಾಳುವುದಿಲ್ಲ.

ಈಗ ಉಪ್ಪು. ಹಿಮ ತೆಗೆಯದೆ ಅದರ ಮೇಲೆ ಉಪ್ಪು ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 1 ಕೆ.ಜಿ. ಕಲ್ಲುಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಮೈನಸ್ 1 ಡಿಗ್ರಿಯಲ್ಲಿ ಸುಮಾರು 46 ಕೆ.ಜಿ. ಗಡ್ಡೆಯನ್ನು ಕರಗಿಸಬಲ್ಲದು. ಮೈನಸ್ 7ಕ್ಕೆ ಇಳಿದರೆ ಸುಮಾರು ಎಂಟೂವರೆ ಕೆ.ಜಿ., ಮೈನಸ್ 12ಕ್ಕೆ 5 ಕೆ.ಜಿ. ಅಷ್ಟೆ. ಮೇಲೆ ಹೇಳಿದ 225 ಕೆ.ಜಿ. ಹಗುರ ಹಿಮವನ್ನು ಮೈನಸ್ 7ರಲ್ಲಿ ಬರೀ ಉಪ್ಪಿನಿಂದ ಕರಗಿಸಬೇಕಾದರೆ 26 ಕೆ.ಜಿ. ಉಪ್ಪು ಬೇಕು, ಒಂದೇ ಬೆಳಿಗ್ಗೆಗೆ, ಒಂದೇ ಮನೆಯ ಮುಂದೆ. ಅದೇ ಸಲಿಕೆಯಿಂದ ಕೆಲಸ ಮುಗಿಸಿ, ಚಾಪರಿನಿಂದ ಗಡ್ಡೆ ಎಬ್ಬಿಸಿ, ಉಳಿದ ತೆಳು ಪದರಕ್ಕೆ ಉಪ್ಪು ಚೆಲ್ಲಿದರೆ ಚದರ ಮೀಟರಿಗೆ 20 ಗ್ರಾಂ ಸಾಕು. 15 ಚದರ ಮೀಟರಿಗೆ 300 ಗ್ರಾಂ, ಅಂದರೆ ಕಾಲು ಲೀಟರಿನ ಒಂದು ಮಗ್.

ಇಷ್ಟು ಕಡಿಮೆಗೆ ಹೇಗೆ ಸಾಕಾಗುತ್ತದೆ? ಉಪ್ಪಿನ ಕೆಲಸ ಗಡ್ಡೆಯನ್ನೆಲ್ಲ ನೀರು ಮಾಡುವುದಲ್ಲ. ಪ್ರತಿ ಹರಳೂ ತಾನಿದ್ದ ಕಡೆ ಕೊರೆದುಕೊಂಡು ಕೆಳಗಿಳಿದು, ನೆಲ ಮುಟ್ಟಿದ ಮೇಲೆ ಉಪ್ಪುನೀರಾಗಿ ಸುತ್ತ ಹರಡಿ, ಗಡ್ಡೆಗೂ ಕಾಂಕ್ರೀಟಿಗೂ ಇರುವ ಅಂಟನ್ನು ಬಿಡಿಸುತ್ತದೆ. ಇದಕ್ಕೆ ಹರಳುಗಳು ಒಂದರಿಂದೊಂದು ಐದಾರು ಸೆಂ.ಮೀ. ದೂರ ಇರಬೇಕು. ಹದಿನೈದಿಪ್ಪತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಚಾಪರ್ ತೂರಿಸಿ ಎಬ್ಬಿಸಬೇಕು. ಈ ಎರಡನೇ ಸುತ್ತನ್ನೇ ಜನ ಬಿಟ್ಟುಬಿಡುತ್ತಾರೆ. ಉಪ್ಪು ಹಾಕಿ ಒಳಗೆ ಹೋಗುತ್ತಾರೆ, ಸಡಿಲವಾದ ಗಡ್ಡೆ ಹಾಗೇ ಉಳಿಯುತ್ತದೆ, ಉಪ್ಪುನೀರು ತೆಳುವಾಗಿ ಸಂಜೆಗೆ ಮತ್ತೆ ಹೆಪ್ಪುಗಟ್ಟುತ್ತದೆ. ಆಮೇಲೆ ಉಪ್ಪೇ ಕಳಪೆ ಅನ್ನುವ ಮಾತು.

ಚೀಲದ ಮುಂಭಾಗ ಬಿಟ್ಟು ಹಿಂಭಾಗ ಓದಿ. ಕಲ್ಲುಪ್ಪಿನ ದ್ರಾವಣ ಮೈನಸ್ 21ರವರೆಗೂ ಹೆಪ್ಪುಗಟ್ಟದೆ ಇರಬಲ್ಲದು ಅನ್ನುವುದು 23 ಶೇಕಡಾ ಹದದ ಪಾಕಕ್ಕೆ ಮಾತ್ರ. ಫುಟ್‌ಪಾತಿನ ಮೇಲೆ ಮೈನಸ್ 9ರ ಕೆಳಗೆ ಅದು ಇಷ್ಟು ನಿಧಾನವಾಗುತ್ತದೆ ಅಂದರೆ ಹಾಕಿಯೂ ಪ್ರಯೋಜನವಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ಉಷ್ಣತೆಯಲ್ಲ, ನೆಲದ ಉಷ್ಣತೆ. ಬಿಸಿಲು ಬಿದ್ದ ಕಡೆ ನೆಲ ಗಾಳಿಗಿಂತ ಬೆಚ್ಚಗಿರುತ್ತದೆ, ಕಟ್ಟಡದ ನೆರಳಲ್ಲಿ ತಣ್ಣಗೇ ಉಳಿಯುತ್ತದೆ. ಒಂದೇ ಮನೆ ಮುಂದೆ ಎರಡು ತುದಿಗೆ ಎರಡು ಬಗೆ ಆಗುವುದು ಇದರಿಂದಲೇ.

ಕಡುಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಸರಿಯಾದ ವಸ್ತು. ನೀರಿನಲ್ಲಿ ಕರಗುವಾಗ ತಾನೇ ಬಿಸಿ ಹೊಮ್ಮಿಸುತ್ತದೆ, ಗಾಳಿಯ ತೇವವನ್ನೇ ಹೀರಿ ಕೆಲಸ ಶುರು ಮಾಡುತ್ತದೆ, ಮೈನಸ್ 25ರಲ್ಲೂ ನಡೆಯುತ್ತದೆ. ಆ ಹೀರುವ ಗುಣವೇ ಅದರ ದೋಷವೂ ಹೌದು: ಅತಿಯಾದರೆ ನೆಲ ಎಣ್ಣೆ ಸವರಿದ ಹಾಗೆ ಜಿಡ್ಡಾಗಿ ಜಾರುತ್ತದೆ, ತೆರೆದಿಟ್ಟ ಚೀಲ ಕೆಲವೇ ದಿನದಲ್ಲಿ ಮುದ್ದೆಯಾಗುತ್ತದೆ, ಚರ್ಮದ ಬೂಟು ಹಾಳಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಮೆಗ್ನೀಶಿಯಂ ಕ್ಲೋರೈಡ್ ಇವೆರಡರ ನಡುವಿನದು, ಮೈನಸ್ 15ರ ಆಸುಪಾಸಿನವರೆಗೆ ಸರಿ. ಪೊಟ್ಯಾಶಿಯಂ ಕ್ಲೋರೈಡ್ ಮತ್ತು ಯೂರಿಯಾ ಮೈನಸ್ 4ರ ಕೆಳಗೆ ಬಹುಮಟ್ಟಿಗೆ ಕೈಚೆಲ್ಲುತ್ತವೆ. ಗಿಡಕ್ಕೆ ಒಳ್ಳೆಯದು ಅಂತ ಯೂರಿಯಾ ಮಾರುತ್ತಾರೆ. ಅದು ಗೊಬ್ಬರವಾದ್ದರಿಂದಲೇ ಚರಂಡಿಯಿಂದ ಕೆರೆಗೆ ಸೇರಿ ಪಾಚಿ ಬೆಳೆಸುತ್ತದೆ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಇರುವ ಯಾವುದನ್ನೂ ತರಬೇಡಿ, ಅವು ಕಾಂಕ್ರೀಟನ್ನೇ ತಿನ್ನುತ್ತವೆ.

ಬಣ್ಣ ಹಾಕಿದ ಮಿಶ್ರಣಗಳ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹಲವು ಮಿಶ್ರಣಗಳಲ್ಲಿ ತುಂಬಿರುವುದು ಕಲ್ಲುಪ್ಪೇ, ಮೇಲೆ ಸ್ವಲ್ಪ ಮೆಗ್ನೀಶಿಯಂ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಲೇಪ. ಚೀಲದ ಮೇಲೆ ದೊಡ್ಡದಾಗಿ ಬರೆದ ಮೈನಸ್ ಅಂಕಿ ಆ ಲೇಪದ್ದು, ಕೆಲಸ ಮಾತ್ರ ಕಲ್ಲುಪ್ಪಿನದು. ಬಣ್ಣದಿಂದ ಎಲ್ಲಿ ಹಾಕಿದ್ದೀರಿ ಅಂತ ಕಣ್ಣಿಗೆ ಕಾಣುತ್ತದೆ ಅನ್ನುವುದೊಂದೇ ನಿಜವಾದ ಲಾಭ. ಸಾಕುಪ್ರಾಣಿಗೆ ಸುರಕ್ಷಿತ ಅನ್ನುವ ಬರಹವನ್ನೂ ಘಟಕಗಳ ಪಟ್ಟಿ ನೋಡದೆ ನಂಬಬೇಡಿ. ಯಾವ ಕ್ಲೋರೈಡ್ ಆದರೂ ನಾಯಿಯ ಪಾದದ ಬಿರುಕಿಗೆ ಉರಿ ತರುತ್ತದೆ.

ಉಪ್ಪು ಅತಿಯಾಗಬಾರದು ಅನ್ನುವುದಕ್ಕೆ ಹಣಕ್ಕಿಂತ ದೊಡ್ಡ ಕಾರಣ ನೀರು. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ಸಿಹಿನೀರನ್ನು ಜಲಚರಗಳಿಗೆ ಹಾನಿಯಾಗುವ ಮಟ್ಟದ ಹತ್ತಿರಕ್ಕೆ ಒಯ್ಯುತ್ತದೆ. ನೀರಿಗೆ ಒಮ್ಮೆ ಸೇರಿದ ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಕೆರೆಯಲ್ಲಿ, ಅಂತರ್ಜಲದಲ್ಲಿ ಕೂಡುತ್ತಾ ಹೋಗುತ್ತದೆ. ಕಾಂಕ್ರೀಟಿನ ಕಥೆಯೂ ಇದೆ. ಉಪ್ಪುನೀರು ಅದರ ರಂಧ್ರಗಳಿಗೆ ಇಳಿದು ಕರಗುತ್ತಾ ಹೆಪ್ಪುಗಟ್ಟುತ್ತಾ ಇದ್ದರೆ, ಹೆಪ್ಪುಗಟ್ಟುವ ಪ್ರತಿ ಸಲ ನೀರು ಸುಮಾರು 9 ಶೇಕಡಾ ಹಿಗ್ಗಿ ಮೇಲ್ಪದರ ಹೊಟ್ಟಿನ ಹಾಗೆ ಏಳುತ್ತದೆ. ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಮೊದಲ ಚಳಿಗಾಲದಲ್ಲಿ ಉಪ್ಪು ಬೇಡವೇ ಬೇಡ, ಮರಳು ಸಾಕು.

ಕಡಿಮೆ ಉಪ್ಪಿನಲ್ಲಿ ಹೆಚ್ಚು ಕೆಲಸ ಬೇಕೆನ್ನುವವರಿಗೆ ಮೊದಲೇ ಉಪ್ಪುನೀರು ಚಿಮುಕಿಸುವುದು ಒಳ್ಳೆಯ ದಾರಿ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 300 ಗ್ರಾಂ ಕಲ್ಲುಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ತೋಟಕ್ಕೆ ಬಳಸುವ ಕೈಪಂಪಿನ ಸ್ಪ್ರೇಯರಿಗೆ ತುಂಬಿ. ಹಿಮ ಬೀಳುವ ಕೆಲವು ಗಂಟೆ ಮೊದಲು ಒಣ ನೆಲಕ್ಕೆ ಗೆರೆಗೆರೆಯಾಗಿ ಹೊಡೆಯಿರಿ. 15 ಚದರ ಮೀಟರಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ಹಿಮ ನೆಲ ಹಿಡಿಯುವುದೇ ಇಲ್ಲ, ಬೆಳಿಗ್ಗೆ ಸಲಿಕೆ ಜಾರಿಕೊಂಡು ಹೋಗುತ್ತದೆ. ಹಿಮಕ್ಕೆ ಮೊದಲು ಮಳೆ ಬರುವ ಹಾಗಿದ್ದರೆ ಇದು ತೊಳೆದು ಹೋಗುತ್ತದೆ, ಮಾಡಬೇಡಿ. ಕೆಲಸವಾದ ಮೇಲೆ ಸ್ಪ್ರೇಯರಿನಲ್ಲಿ ಸಾದಾ ನೀರು ಹಾಯಿಸದಿದ್ದರೆ ಮೂತಿಯ ತೂತು ಉಪ್ಪುಗಟ್ಟಿ ಕಟ್ಟಿಕೊಳ್ಳುತ್ತದೆ. ಸ್ಪ್ರೇಯರ್ ಹೊಸದಾಗಿರಲಿ, ಕಳೆನಾಶಕ ಹೊಡೆದದ್ದು ಬೇಡ.

ಮರಳು ಏನನ್ನೂ ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಉಪ್ಪು ಕೆಲಸ ಮಾಡದ ಚಳಿಗೆ ಅದೇ ಗತಿ. ನಯವಾದ ಮರಳಿಗಿಂತ ತರಿತರಿಯಾದದ್ದು ವಾಸಿ. ಒದ್ದೆ ಮರಳು ಬಕೆಟಿನಲ್ಲೇ ಕಲ್ಲಾಗುತ್ತದೆ, ಆದ್ದರಿಂದ ಒಣಗಿಸಿ ತುಂಬಿ, ಒಂದೆರಡು ಹಿಡಿ ಉಪ್ಪು ಬೆರೆಸಿ. ಸಾಕುಬೆಕ್ಕಿನ ಶೌಚಕ್ಕೆ ಇಡುವ ಜೇಡಿಮಣ್ಣಿನ ಹರಳು ಹಾಕುವ ಉಪಾಯ ಬೇಡ: ನೀರು ತಗುಲಿದರೆ ಕೆಸರು. ಬಿಸಿನೀರು ಸುರಿಯುವುದಂತೂ ಕೈಯಾರೆ ಗಡ್ಡೆ ಮಾಡಿದ ಹಾಗೆ.

ಬೂಟಿಗೆ ತೊಡಿಸುವ ಮುಳ್ಳುಪಟ್ಟಿಗಳಲ್ಲಿ ತಂತಿಸುರುಳಿಯದು ತುಳಿದ ಹಿಮಕ್ಕೆ ಸರಿ, ಗಟ್ಟಿ ಗಡ್ಡೆಗೆ ಕಾರ್ಬೈಡ್ ಮೊಳೆಯದೇ ಬೇಕು. ಒಳಗೆ ಬರುವ ಮುಂಚೆ ಕಳಚಿ. ಟೈಲ್ಸ್ ಮೇಲೆ ಇವು ಮಂಜುಗಡ್ಡೆಗಿಂತ ಜಾರುತ್ತವೆ.

ಬ್ಲೋವರ್, ಅಂದರೆ ಹಿಮವನ್ನು ಒಳಕ್ಕೆಳೆದು ದೂರಕ್ಕೆ ಉಗುಳುವ ಯಂತ್ರ, ಒಂದು ಮನೆಗೆ ದೊಡ್ಡ ಖರ್ಚು, ಬೀದಿಗೆ ಒಂದು ಅಂದರೆ ಯೋಚಿಸಬಹುದು. ಒಂದೇ ಹಂತದ ಯಂತ್ರದಲ್ಲಿ ಹಿಮವನ್ನು ಒಳಕ್ಕೆಳೆಯುವ ತಿರುಪೇ ಅದನ್ನು ಎಸೆಯುತ್ತದೆ; ಆ ತಿರುಪು ನೆಲಕ್ಕೆ ತಾಗಿಯೇ ತಿರುಗುತ್ತದೆ, 20 ಸೆಂ.ಮೀ.ವರೆಗಿನ ಹಿಮವನ್ನು ನೆಲ ಕಾಣುವ ಹಾಗೆ ತೆಗೆಯುತ್ತದೆ, ಜಲ್ಲಿ ದಾರಿಗೆ ಮಾತ್ರ ಬೇಡ, ಕಲ್ಲು ಹಾರುತ್ತದೆ. ಎರಡು ಹಂತದ್ದರಲ್ಲಿ ಎಸೆಯುವುದಕ್ಕೆ ಬೇರೆ ಚಕ್ರ ಇರುತ್ತದೆ; ಅದು ಆಳದ ಹಿಮಕ್ಕೆ, ರಸ್ತೆಯ ಹಿಮ ತಳ್ಳುವ ಗಾಡಿ ಬಿಟ್ಟುಹೋದ ಗಟ್ಟಿ ದಿಬ್ಬಕ್ಕೆ. ಅದರ ಬದಿಯ ಜಾರುಪಾದಗಳನ್ನು ಹೊಂದಿಸದಿದ್ದರೆ ನೆಲದ ಮೇಲೆ ಪದರ ಬಿಟ್ಟುಬಿಡುತ್ತದೆ. ಹಿಮದಲ್ಲಿ ಹೂತ ದಿನಪತ್ರಿಕೆ, ಕಲ್ಲು ಸಿಕ್ಕಿಕೊಂಡರೆ ತಿರುಪಿನ ಶಿಯರ್ ಪಿನ್ ಮುರಿಯುತ್ತದೆ. ಗೇರ್ ಉಳಿಸಲೆಂದೇ ಅದು ಮುರಿಯುವ ಹಾಗೆ ಮಾಡಿರುತ್ತಾರೆ. ಬದಲಿಗೆ ಮಾಮೂಲಿ ಗಟ್ಟಿ ಬೋಲ್ಟ್ ಹಾಕಿದವರು ಆಮೇಲೆ ಗೇರ್ ಬಾಕ್ಸನ್ನೇ ಬದಲಾಯಿಸಬೇಕಾಗುತ್ತದೆ. ಸರಿಯಾದ ಪಿನ್ ನಾಲ್ಕು ಜೊತೆಗಿರಲಿ.

ಹಿಮ ಉಗುಳುವ ಮೂತಿ ಕಟ್ಟಿಕೊಂಡಾಗ ಕೈ ಹಾಕುವುದೇ ಬೆರಳು ಹೋಗುವ ದಾರಿ. ಎಂಜಿನ್ ನಿಲ್ಲಿಸಿದ ಮೇಲೂ ತಿರುಪಿನಲ್ಲಿ ಬಿಗಿ ಉಳಿದಿರುತ್ತದೆ, ಅಡ್ಡಿ ಸಡಿಲಾದ ಕ್ಷಣ ಅದು ಒಮ್ಮೆ ತಿರುಗುತ್ತದೆ. ಆರಿಸಿ, ತಿರುಗುವುದೆಲ್ಲ ನಿಂತ ಮೇಲೆ, ಯಂತ್ರದ ಜೊತೆ ಕೊಟ್ಟ ಕೋಲಿನಿಂದಲೇ ಬಿಡಿಸಿ. ಬ್ಯಾಟರಿಯ ಬ್ಲೋವರ್ ಬೆಳಗಿನ ಜಾವ ನೆರೆಯವರ ನಿದ್ದೆ ಕೆಡಿಸುವುದು ಕಡಿಮೆ, ಆದರೆ ಬ್ಯಾಟರಿಯನ್ನು ಚಳಿಯ ಗ್ಯಾರೇಜಿನಲ್ಲಿಟ್ಟರೆ ಅರ್ಧ ದಾರಿಗೆ ನಿಲ್ಲುತ್ತದೆ. ಮನೆಯೊಳಗಿಡಿ, ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬೇಡಿ, ಒಳಗೇ ಹಾಳಾಗುತ್ತದೆ.

ಬೀದಿಯವರೆಲ್ಲ ಸೇರಿ ಒಂದು ಸಲಕರಣೆ ಪೆಟ್ಟಿಗೆ ಇಡುವುದನ್ನು ನಾವು ಮನಸಾರೆ ಶಿಫಾರಸು ಮಾಡುತ್ತೇವೆ. ಹತ್ತು ಮನೆಗೆ ಎರಡು ತಳ್ಳುವ ಸಲಿಕೆ, ಎರಡು ಎತ್ತುವವು, ಒಂದು ಚಾಪರ್, ಗಟ್ಟಿ ಪೊರಕೆ, ಮುಚ್ಚಳವಿರುವ 20 ಲೀಟರಿನ ಎರಡು ಬಕೆಟ್ (ಒಂದು ಉಪ್ಪಿಗೆ, ಒಂದು ಮರಳಿಗೆ), ಅಳತೆಯ ಮಗ್, ಹಣೆದೀಪ, ಕತ್ತಲಲ್ಲಿ ಹೊಳೆಯುವ ಜಾಕೆಟ್ ಎರಡು. ಸಾಮಾನಿಗಿಂತ ಮುಖ್ಯ, ಯಾರ ಪಾಲಿಗೆ ಯಾವುದು ಅಂತ ಮೊದಲ ಹಿಮಕ್ಕೆ ಮುಂಚೆಯೇ ಬರೆದಿಡುವುದು. ವಯಸ್ಸಾದವರ ಮನೆಗೆ ಇಬ್ಬರ ಹೆಸರಿರಲಿ, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಯಾರ ಪಾಲಿಗೂ ಬಾರದೆ ಉಳಿಯುವ ಜಾಗಗಳು ಬೇರೆಯೇ ಇವೆ: ಮೂಲೆಯಲ್ಲಿ ಫುಟ್‌ಪಾತ್ ರಸ್ತೆಗಿಳಿಯುವ ಇಳಿಜಾರು, ಬಸ್ ನಿಲ್ದಾಣದಲ್ಲಿ ಬಾಗಿಲು ತೆರೆಯುವ ಜಾಗ, ಬೆಂಕಿ ಆರಿಸುವವರು ನೀರು ಹಿಡಿಯುವ ಹೈಡ್ರಂಟ್, ಚರಂಡಿಯ ಜಾಲರಿ. ಹೈಡ್ರಂಟಿನ ಸುತ್ತ ಸುಮಾರು 1 ಮೀಟರ್ ತೆಗೆದು ಅಲ್ಲಿಂದ ರಸ್ತೆಗೆ ದಾರಿ ಮಾಡಬೇಕು. ಜಾಲರಿ ಮುಚ್ಚಿದ್ದರೆ ಹಗಲು ಕರಗಿದ ನೀರು ಇಳಿಜಾರಿನಲ್ಲೇ ನಿಂತು ರಾತ್ರಿ ಗಡ್ಡೆಯಾಗುತ್ತದೆ, ಎಲ್ಲರ ಕೆಲಸವೂ ವ್ಯರ್ಥ. ದಾರಿಯ ಅಗಲ ಕಡಿಮೆಯೆಂದರೂ 1 ಮೀಟರ್, ಆದರೆ 1.2 ಇಡಿ, ಒಂದು ಸಲಿಕೆ ಅಗಲದ ಓಣಿಯಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ.

ಮನೆಯ ಗಾಡಿದಾರಿ ತೆಗೆಯುವಾಗ ಹಿಮ ತಳ್ಳುವ ಗಾಡಿ ಯಾವ ಕಡೆಯಿಂದ ಬರುತ್ತದೆ ನೋಡಿಕೊಂಡು, ಅದು ಮುಂದೆ ಹೋಗುವ ದಿಕ್ಕಿನ ಬದಿಗೆ ಗುಡ್ಡೆ ಹಾಕಿ. ಬರುವ ಕಡೆ ರಸ್ತೆಯಂಚಿನಲ್ಲಿ ಎರಡು ಮೂರು ಮೀಟರ್ ಖಾಲಿ ಮಾಡಿದರೆ ಗಾಡಿಯ ಮುಂದಿನ ಹಿಮ ಅಲ್ಲಿ ಉದುರಿ, ನಿಮ್ಮ ಗಾಡಿದಾರಿಯ ಬಾಯಿಗೆ ಬರುವ ದಿಬ್ಬ ಚಿಕ್ಕದಾಗುತ್ತದೆ. ಪಕ್ಕದ ಮನೆಯ ಹೀಟರಿನ ಹೊಗೆಕೊಳವೆ ಮುಚ್ಚುವ ಹಾಗೆ ಎಂದೂ ಎಸೆಯಬೇಡಿ. ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಮನೆಯೊಳಗೆ ತುಂಬುತ್ತದೆ. ಹಿಮದಲ್ಲಿ ಹೂತ ಕಾರನ್ನು ಚಾಲೂ ಮಾಡುವ ಮುಂಚೆ ಸೈಲೆನ್ಸರ್ ಬಾಯಿ ಬಿಡಿಸುವುದೂ ಇದಕ್ಕೇ.

ಚಳಿಗೆ ರಕ್ತನಾಳ ಬಿಗಿಯುತ್ತದೆ, ಸಲಿಕೆ ಎತ್ತುವಾಗ ಉಸಿರು ಕಟ್ಟುತ್ತದೆ. ಎರಡೂ ಸೇರಿ ಹೃದಯದ ಮೇಲೆ ಒಮ್ಮೆಲೇ ಭಾರ. ಹೃದ್ರೋಗ ಇರುವವರ, ವರ್ಷವಿಡೀ ಕೂತು ಕೆಲಸ ಮಾಡುವವರ ಪಾಲನ್ನು ಪಟ್ಟಿಯಲ್ಲೇ ಬೇರೆಯವರಿಗೆ ಬರೆದುಬಿಡಿ, ಉಪ್ಪು ಅಳೆಯುವುದು, ಫೋನ್ ಮಾಡಿ ಎಬ್ಬಿಸುವುದು ಅವರ ಪಾಲಿಗಿರಲಿ. ಹಿಮ ಪೂರ್ತಿ ನಿಲ್ಲುವವರೆಗೆ ಕಾಯುವುದಕ್ಕಿಂತ ಏಳೆಂಟು ಸೆಂ.ಮೀ.ಗೆ ಒಂದು ಸುತ್ತು ತಳ್ಳುವುದು ಮೈಗೂ ಹಗುರ. ಎದೆ ಬಿಗಿದರೆ, ತೋಳು, ದವಡೆ ನೋಯುತ್ತಿದ್ದರೆ ಅಲ್ಲೇ ನಿಲ್ಲಿಸಿ ಆಂಬುಲೆನ್ಸ್ ಕರೆಯಬೇಕು.

ನೆಲ ಒಣಗಿದ ಮೇಲೂ ಹರಳುಗಳು ಬಿದ್ದಿದ್ದರೆ ಆ ಸಲ ಉಪ್ಪು ಹೆಚ್ಚಾಯಿತು ಅಂತ ಅರ್ಥ. ಪೊರಕೆಯಿಂದ ಗುಡಿಸಿ ಬಕೆಟಿಗೆ ವಾಪಸು ಹಾಕಿ, ಮುಂದಿನ ಹಿಮಕ್ಕೆ ಬರುತ್ತದೆ. ಮುಂದಿನ ಸಲ ಮಗ್ ಮುಕ್ಕಾಲು ತುಂಬಿ. ಚಳಿಗಾಲ ಕಳೆದ ಮೇಲೆ ಮರಳನ್ನೂ ಹೀಗೇ ಎತ್ತಬೇಕು, ಇಲ್ಲದಿದ್ದರೆ ಮೊದಲ ಮಳೆಗೆ ಜಾಲರಿ ಕಟ್ಟಿಕೊಳ್ಳುತ್ತದೆ. ಚಾಪರಿನ ತಗಡು, ಸಲಿಕೆಯ ಪಟ್ಟಿ, ರಿವೆಟ್ ಇವನ್ನು ಸಾದಾ ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಸವರಿ ತೂಗುಹಾಕಿ.